ಎರಡು ಮುಕ್ಕಾಲು ಅಡಿ

ಟೇಪಿನ ಸೊನ್ನೆಯ ತುದಿ ನನ್ನದು.
ಹಿಡಿದು ನಿಲ್ಲುವುದಷ್ಟೇ ಕೆಲಸ, ಅಲುಗಬಾರದು.
ಆ ತುದಿಯಲ್ಲಿ ಓದಿ ಕೂಗುವವರು ನಾಗವೇಣಿ ಮೇಡಂ,
ಕೂಗಿದ್ದನ್ನು ತಿರುಗಿ ಕೂಗಿ
ಮೊಣಕಾಲ ಮೇಲಿಟ್ಟ ಪುಸ್ತಕದಲ್ಲಿ ಬರೆಯುತ್ತೇನೆ.

ಏಪ್ರಿಲ್ಲಿನ ತುಂಗೆ ಬಂಡೆಗಳ ನಡುವೆ
ದಾರಿ ಕೇಳಿಕೊಂಡು ಹೋಗುತ್ತಿದ್ದಾಳೆ.
ಶಿವಮೊಗ್ಗದ ಕೋಟೆ ರಸ್ತೆಯ ಬೆನ್ನಿಗೆ
ಬಟ್ಟೆ ಒಗೆಯುವ ಕಲ್ಲುಗಳ ಆಚೆ, ಸುಂಕದ ಮನೆ.
ನಾಯಕರ ಕಾಲದ್ದು ಅನ್ನುತ್ತಾರೆ, ಕಾಗದವಿಲ್ಲ.
ಕಾಗದ ಇರುವುದು ಉಪ್ಪಿನ ಉಗ್ರಾಣಕ್ಕೆ,
ನಾಟಾ ಡಿಪೋಗೆ, ಒಂದು ಪ್ಲೇಗಿನ ಬೇಸಿಗೆಗೆ.
ಹೊಲಿಗೆ ಶಾಲೆಗೆ ಕಾಗದ ಬೇಕಿಲ್ಲ:
ಅದರ ಸೂಜಿಗಳು ಅಟ್ಟದ ಹಲಗೆ ಸಂದಿಯಲ್ಲಿ
ಈಗಲೂ ಕಾಲು ಕಾಯುತ್ತವೆ.
"ಚಪ್ಪಲಿ ಬಿಡಬೇಡಿ, ಇದು ದೇವಸ್ಥಾನ ಅಲ್ಲ"
ಅನ್ನುತ್ತಾನೆ ವಾಚ್‌ಮನ್ ಗೌಸ್ ಸಾಬ್.

ಮೋನಪ್ಪಾಚಾರಿ ಬೆರಳ ಗೆಣ್ಣಿನಿಂದ ಕಂಬ ಬಡಿಯುತ್ತಾ ಬಂದ.
ಹೊನ್ನೆ. ಹೊನ್ನೆ. ಮತ್ತಿ. ಹೊನ್ನೆ.
"ಇದು ಹಲಸು. ಯಾರೋ ದುಡ್ಡು ತಿಂದಿದಾರೆ."
ಎಂಟು ಬೋದಿಗೆಗಳಲ್ಲಿ ಏಳಕ್ಕೆ ಬಾಳೆಮೊಗ್ಗು,
ಎಂಟನೆಯದರಲ್ಲಿ ಉಳಿಯ ಗೀರು ಮಾತ್ರ.
ಕೂಲಿ ಬಾಕಿ ಉಳಿದಿರಬೇಕು ಎಂದು
ಕೊತ್ತ ಕೈಯ ಪರವಾಗಿ ತಾನೇ ಸಿಟ್ಟಾದ.

ಹೊಳೆ ಬಾಗಿಲು ತೆರೆದರೆ ಮೆಟ್ಟಿಲಿಲ್ಲ, ಬರೀ ಗಾಳಿ.
ಪಕ್ಕದಲ್ಲಿ ಹರಿಗೋಲು ಕಟ್ಟುತ್ತಿದ್ದ ಕಬ್ಬಿಣದ ಬಳೆ,
ಕೆಳಹೊಳೆಯ ಕಡೆಗೆ ಮಾತ್ರ ಸವೆದು
ಹಳೇ ಮೂಗುಬೊಟ್ಟಿನ ತಿರುಪಿನಷ್ಟು ತೆಳು.

ಉದ್ದ ತಾಳೆಯಾಗಲಿಲ್ಲ.
ಹೊರಗೆ ನಲವತ್ತೊಂದು ಅಡಿ ಒಂಬತ್ತು ಅಂಗುಲ.
ಒಳಗೆ ಮೂವತ್ನಾಲ್ಕು. ಗೋಡೆ ಎರಡಕ್ಕೂ ಸೇರಿ ಐದು.
"ಸೊನ್ನೆ ಸರಿಯಾಗಿ ಹಿಡಿದಿದ್ಯಾ?"
ಹಿಡಿದಿದ್ದೆ.
ಮತ್ತೆ ಅಳೆದೆವು. ತುದಿ ಬದಲಿಸಿ ಅಳೆದೆವು.
ಎರಡು ಮುಕ್ಕಾಲು ಅಡಿ ಮನೆ
ಮನೆಯೊಳಗೇ ಎಲ್ಲೋ ಕೂತು
ನಮ್ಮನ್ನು ಕೇಳಿಸಿಕೊಳ್ಳುತ್ತಿತ್ತು.

ಉಪ್ಪಿನ ಕೋಣೆಯ ಗೋಡೆ ಇಂದಿಗೂ ಬೆಳ್ಳಗೆ ಬೆವರುತ್ತದೆ.
ಮೂರನ್ನು ಮಾತ್ರ ನಾಲಗೆ ಹಚ್ಚಿ ನೋಡಬಹುದು;
ಮೇಲ್ಹೊಳೆ ಕಡೆಯ ನಾಲ್ಕನೆಯದು ಸಪ್ಪೆ.
ಆಚಾರಿ ಅದನ್ನೂ ಕಂಬದಂತೆ ಬಡಿದ.
ಅಟ್ಟ ಹತ್ತಿ ಹುಡುಕಿದರೆ ಒಂದು ಹಲಗೆಗೆ
ಎರಡು ಬೆರಳು ತೂರುವಷ್ಟು ಕಂಡಿ.
"ಪಾಲಿಟೆಕ್ನಿಕ್ ಹುಡುಗಿ ಸಣ್ಣಗಿದಾಳೆ, ಇಳಿಸಿ."

ಇಳಿದೆ, ಸೊನ್ನೆ ಹಿಡಿದುಕೊಂಡೇ.
ಅಡ್ಡಕ್ಕೆ ತಿರುಗಿ ನಿಂತರಷ್ಟೇ ಮೈ ಹಿಡಿಸುವ ಜಾಗ.
ಒಣಗಿ ತರಗಾದ ಒಂದು ಬಾವಲಿ.
ಗಾರೆಯ ಮೇಲೆ ಇದ್ದಿಲಿನ ಐದೈದು ಗೀಟು.
ಹಣತೆಯ ಮಸಿ ಹಿಡಿದ ಗೂಡಿನಲ್ಲಿ
ಬೋರಲು ಹಾಕಿದ ಹಿತ್ತಾಳೆ ಸೇರು.

ಮೇಲೆ ತಂದು ಗೌಸ್ ಸಾಬನ ಅಕ್ಕಿ ಸುರಿದೆವು.
ಅವನ ಸೇರಿನ ಅಕ್ಕಿ ಇದರಲ್ಲಿ ಹಿಡಿಸದೆ
ಒಂದು ಮುಷ್ಟಿ ನೆಲಕ್ಕೆ ಚೆಲ್ಲಿತು.
ತಲೆಕೆಳಗು ಮಾಡಿದರೆ ತಳ ಸರಿಯಾಗೇ ಇದೆ.
ಒಳಗೆ ಬೆರಳಾಡಿಸಿದರೆ, ತಳದ ಮೇಲೊಂದು ತಳ.

ಗೌಸ್ ಸಾಬ್ ಬೀಡಿ ಹಚ್ಚಲಿಲ್ಲ.
"ನಮ್ಮ ಮುತ್ತಜ್ಜ ಘಟ್ಟದ ಕೆಳಗಿಂದ
ಉಪ್ಪಿನೆತ್ತು ಹೊಡ್ಕೊಂಡು ಬರ್ತಿದ್ದ.
ಕೂಲಿ ಅಕ್ಕಿ ಇಲ್ಲೇ ಅಳೀತಿದ್ದರಂತೆ.
ಮನೇಲಿ ಒಂದು ಬೈಗುಳ ಇದೆ,
ಸುಳ್ಳು ಹೇಳೋರಿಗೆ 'ಹೊಳೆಮನೆ ಸೇರು' ಅಂತ.
ಅಮ್ಮ ನನಗೂ ಬೈದಿದಾಳೆ.
ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ."

ಮೇಡಂ ವರದಿಯಲ್ಲಿ ಬರೆದರು:
ಸೇರು, ಹಿತ್ತಾಳೆ, ಒಂದು. ಸ್ಥಿತಿ ಉತ್ತಮ.
ನಕ್ಷೆಯಲ್ಲಿ ಆ ಜಾಗಕ್ಕೆ ಏನು ಹೆಸರು ಹಾಕಲಿ ಅಂದೆ.
ಪೆನ್ಸಿಲ್ ಕಚ್ಚಿಕೊಂಡು ಸುಮಾರು ಹೊತ್ತು ಕೂತರು.
"ಅಳತೆ ಬರಿ. ಹೆಸರು ನಾಳೆ ನೋಡೋಣ."

ಚೆಲ್ಲಿದ ಮುಷ್ಟಿಯನ್ನೂ ಆರಿಸಿ ತೊಳೆದು
ಗೌಸ್ ಸಾಬ್ ಅನ್ನಕ್ಕಿಟ್ಟ.
ಹೊಳೆ ಬಾಗಿಲಲ್ಲಿ ಕಾಲು ಇಳಿಬಿಟ್ಟು
ನಾಲ್ಕೂ ಜನ ಮೀನಿನ ಸಾರಿನಲ್ಲಿ ಕಲಸಿ ಉಂಡೆವು.
ಕೆಳಗೆ ಯಾರದೋ ಸೀರೆ ಬಂಡೆಯ ಮೇಲೆ ಒಣಗುತ್ತಿತ್ತು.
ಮೊದಲ ತುತ್ತು ನುಂಗಿ ಆಚಾರಿ ಅಂದ,
ಉಪ್ಪು ಕಡಿಮೆಯಾಯ್ತು.